ಹದ್ದಿನ ಗೆರೆ

ನಾಲ್ಕು ಹೆಣ್ಣಾದ ಮೇಲೆ ಐದನೆಯವಳು ನಾನು.
ಸಾಕು, ಇಲ್ಲಿಗೆ ಹದ್ದು, ಎಂದು
ತಾತ ನನ್ನನ್ನು ಹದ್ದಾ ಎಂದು ಕರೆದ.
ಅವನಿಗೇನು ಗೊತ್ತಿತ್ತು, ಮೊಮ್ಮಗಳು
ಅದೇ ಗೆರೆಯನ್ನು ಕಸುಬು ಮಾಡಿಕೊಳ್ಳುತ್ತಾಳೆಂದು.

ಮಂಗಳವಾರ. ಇಫ್ರಾನಿನ ಆಚೆ ದೇವದಾರು ಕಾಡಿನ ರಸ್ತೆ.
ಅಂಚಿಗೆ ಕೊಳೆ ಹಿಮ, ನಡುವೆ ಒದ್ದೆ ಡಾಂಬರು.
ಬಾಲವಿಲ್ಲದ ಕೋತಿಗಳು ಪ್ರವಾಸಿಗರ ಕಡಲೆಕಾಯಿಗೆ ಕಾದು ಕೂತಿವೆ,
ನಮಗೆ ಕೈ ಚಾಚುವುದಿಲ್ಲ:
ಓಡುವವರ ಜೇಬು ಖಾಲಿಯೆಂದು ಬಲ್ಲವು.

ಇತ್ತೋಗೆ ಹತ್ತೊಂಬತ್ತು. ತಿಮಹ್ದೀತಿನ ಕುರಿಗಾಹಿಯ ಮಗಳು.
ತಪ್ಪಿಸಿಕೊಂಡ ಟಗರಿನ ಹಿಂದೆ ಕಲಿತ ಓಟ:
ಒಂದೋ ನಿಂತಿರುತ್ತಾಳೆ, ಇಲ್ಲವೋ ಹಾರಿರುತ್ತಾಳೆ.
ನಡುವೆ ಒಂದು ಊರಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲ ವಾರ, ಹದಿನೈದು ನಿಮಿಷ ಮೈ ಕಾಯಿಸಿದ ಮೇಲೆ
'ಕಿಲೋಮೀಟರಿಗೆ ಮೂರು ನಲವತ್ತೈದು' ಎಂದೆ, 'ಇಪ್ಪತ್ತೈದು ನಿಮಿಷ.'
ಅವಳು ಮೂರು ಇಪ್ಪತ್ತಕ್ಕೆ ಹೋದಳು.
ನಾನು ಬೆನ್ನು ಹತ್ತಲಿಲ್ಲ.
ಕೆಂಪು ಸ್ವೆಟರ್ ಸಣ್ಣದಾಗಿ, ಚುಕ್ಕೆಯಾಗಿ, ಆಮೇಲೆ
ಮತ್ತೆ ದೊಡ್ಡದಾಗತೊಡಗಿತು.
ಹದಿನಾಲ್ಕನೆಯ ನಿಮಿಷಕ್ಕೆ ಮೈಲಿಗಲ್ಲಿನ ಮೇಲೆ ಕೂತಿದ್ದಳು,
ತೊಡೆ ಬೇರೆ ಯಾರದೋ ಎಂಬಂತೆ ಗುದ್ದುತ್ತ.

ಬೈಯಲಿಲ್ಲ. ನನ್ನನ್ನೂ ಬೈಯದೆ ಬಿಟ್ಟವರಿದ್ದರು.

ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು: ನಾವು ಐವರ ಹೆಸರು.
ತೂದಾ, ಯಾಮ್ನಾ, ರಕಿಯಾ, ಫಾದ್ಮಾ, ಹದ್ದಾ.
ಓಡುತ್ತ ಒಂದೇ ಉಸಿರಿಗೆ ಹೇಳು.
ಐದೂ ಬಂದರೆ ನೀನು ಸಂತೆಗೆ ಹೊರಟಿದ್ದೀಯ.
ಒಂದಕ್ಕೇ ನಿಂತರೆ ಅದು ಪಂದ್ಯ, ಇವತ್ತು ಪಂದ್ಯವಿಲ್ಲ.
ಮೂರು ಬಂದು, ನಾಲ್ಕನೆಯದು ಗಂಟಲ ಹೊಸ್ತಿಲಲ್ಲಿ ತಡೆದರೆ
ಅಲ್ಲಿ. ಅಲ್ಲೇ ಇರು.
ಚಹಾ ಕುದಿಯುತ್ತಿರಬೇಕು, ಉಕ್ಕಿ ಒಲೆ ಆರಿಸಬಾರದು.

ಕಾಲಲ್ಲಿ ಹುಳಿ ಏಳುತ್ತದೆ, ಏಳಲಿ;
ಎದ್ದಷ್ಟನ್ನೂ ರಕ್ತ ತೊಳೆದು ಒಯ್ಯುವ ವೇಗ ಒಂದಿದೆ.
ವಾರಕ್ಕೊಮ್ಮೆ ಅದರ ಪಕ್ಕ ಓಡಿದರೆ
ಗೆರೆ ತಾನಾಗಿ ಒಂದು ಗೇಣು ಸರಿಯುತ್ತದೆ,
ರಾತ್ರಿ ಹೊಲದ ಬದು ಒತ್ತುವ ನೆರೆಯವನ ಹಾಗೆ, ಸದ್ದಿಲ್ಲದೆ.
ದಿನಾ ಹೋದರೆ ಸಿಕ್ಕಿಬೀಳುತ್ತೀಯ.

ಎದುರುಗಾಳಿಯಲ್ಲಿ ಗಡಿಯಾರ ಸುಳ್ಳು ಹೇಳುತ್ತದೆ, ಏರಿನಲ್ಲೂ.
ಆಗ ಕೈ ನೋಡಬೇಡ, ಹೆಸರು ಹೇಳು.
ಮುಗಿದಾಗ ಇನ್ನೊಂದು ಕಿಲೋಮೀಟರ್ ಆಗುತ್ತಿತ್ತು ಅನ್ನಿಸಬೇಕು.
ಆ ಒಂದನ್ನು ಓಡಬೇಡ. ಮನೆಗೆ ಒಯ್ಯಿ.

'ಇಷ್ಟು ನಿಧಾನ ಓಡಿ ಗೆದ್ದವರುಂಟೆ?' ಇತ್ತೋ ನಕ್ಕಳು.
ಆದರೂ ಬಂದಳು. ಆರು ಮಂಗಳವಾರ.
ನಾಲ್ಕನೆಯದರಲ್ಲಿ ಮತ್ತೆ ಕೆಟ್ಟಳು,
ದೇವದಾರು ದಿಮ್ಮಿ ಹೊತ್ತ ಟ್ರಕ್ಕಿನ ಜೊತೆ ಪಂಥ ಕಟ್ಟಿ.

ಇವತ್ತು ಏಳನೆಯದು. ಹಿಮ ಕರಗಿ ರಸ್ತೆಬದಿ ಹರಿಯುತ್ತಿತ್ತು.
ನನ್ನ ಗಡಿಯಾರದ ಬ್ಯಾಟರಿ ಸತ್ತಿತ್ತು. ಹೇಳಲಿಲ್ಲ.
ಹೆಗಲಿಗೆ ಹೆಗಲು, ನಾಲ್ಕು ಶೂಗಳಿಗೆ ಒಂದೇ ಸದ್ದು.
ತೂದಾ, ಯಾಮ್ನಾ, ರಕಿಯಾ, ಅಂದಳು ಎರಡನೆಯ ಕಿಲೋಮೀಟರಿನಲ್ಲಿ.
ಐದನೆಯದರಲ್ಲೂ ಅಷ್ಟೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.
ನಾನೂ ಹೇಳಿದೆ: ತೂದಾ, ಯಾಮ್ನಾ
ಮತ್ತೆ ಹೇಳಿದೆ. ಎರಡೇ.

ಅವಳು ವೇಗ ಹೆಚ್ಚಿಸಿರಲಿಲ್ಲ, ಅದು ಖಾತ್ರಿ.
ಅವಳ ಗೆರೆ ನನ್ನದನ್ನು ದಾಟಿ ಆಚೆ ಹೋಗಿತ್ತು,
ಯಾವ ವಾರವೋ, ಯಾವ ತಿರುವಿನಲ್ಲೋ.

ಹದ್ದು ಮೀರಬಾರದೆಂದು ಕಲಿಸಿದವಳು ನಾನೇ.
ಮುಷ್ಟಿ ಬಿಚ್ಚಿದೆ, ಹೆಜ್ಜೆ ಸಡಿಲಿಸಿದೆ.
ಕೆಂಪು ಸ್ವೆಟರ್ ಸಣ್ಣದಾಯಿತು,
ಈ ಸಲ ಮತ್ತೆ ದೊಡ್ಡದಾಗಲಿಲ್ಲ.
ಗಾಳಿ ನಿಂತ ಒಂದು ಗಳಿಗೆ, ಮರಗಳ ಆಚೆಯಿಂದ
ನನ್ನ ಮೂರನೆಯ ಅಕ್ಕನ ಹೆಸರು ಕೇಳಿಸಿತು.